ಆರುವ ಜ್ವಾಲೆಯ ಲೆಕ್ಕ

ಸೂರ್ಯನಲ್ಲಿ ಮಹಾಜ್ವಾಲೆಯೊಂದು ಸಿಡಿಯಿತೆಂಬ ವಾರ್ತೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಅದರ ಉಗ್ರತೆಯನ್ನೂ, ಉಪಗ್ರಹಗಳಿಗೂ ರೇಡಿಯೋ ಸಂಪರ್ಕಕ್ಕೂ ಒದಗಬಹುದಾದ ಹಾನಿಯನ್ನೂ ವರ್ಣಿಸಿ ಸುಮ್ಮನಾಗುತ್ತವೆ. ಸಿಡಿದುದು ಬಳಿಕ ಹೇಗೆ ಆರಿತೆಂದು ವಿಚಾರಿಸುವವರು ವಿರಳ. ಜ್ವಾಲೆಯ ಮರ್ಮ ಬಹುಮಟ್ಟಿಗೆ ಅಡಗಿರುವುದು ಆ ಆರುವಿಕೆಯಲ್ಲಿ. ಅದನ್ನು ಅಳೆಯುವ ಸಾಮಗ್ರಿ ದೇವದುರ್ಗದ ಕಾಲೇಜು ವಿದ್ಯಾರ್ಥಿಗೂ ಇಂದು ಎಟುಕುವಂತಿರುವುದರಿಂದ, ಅದನ್ನು ನಮ್ಮ ಪಾಠಕ್ಕೆ ತಂದುಕೊಳ್ಳಬೇಕೆಂಬುದು ನನ್ನ ವಾದ.

ಕೃಷ್ಣಾ-ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನವರಿಗೆ ತಾಪ ಇಳಿಯುವ ಪರಿ ಹೊಸತಲ್ಲ. ಗೂಗಲ್ ಗ್ರಾಮದ ಬಳಿ ಕೃಷ್ಣೆಯ ದಡದ ಬಂಡೆ, ವೈಶಾಖದ ಸೂರ್ಯ ಮುಳುಗಿ ಜಾವ ಕಳೆದರೂ ಅಂಗೈಗೆ ಬಿಸಿಯಾಗಿಯೇ ತಾಗುತ್ತದೆ. ಸೂರ್ಯನ ಪ್ಲಾಸ್ಮಾ, ಎಂದರೆ ವಿದ್ಯುದಾವೇಶಗೊಂಡ ಅನಿಲ, ಆರುವ ಕ್ರಮವಾದರೋ ಬೇರೆ. ಕಾಂತರೇಖೆಗಳು ಕಡಿದು ಮರಳಿ ಬೆಸೆದುಕೊಳ್ಳುವಾಗ ಬಿಡುಗಡೆಯಾದ ಶಕ್ತಿ ಕೆಳಗಿನ ವರ್ಣಮಂಡಲವನ್ನು ಕಾಯಿಸಲು, ಅಲ್ಲಿಂದ ಉಕ್ಕಿಬಂದ ಪ್ಲಾಸ್ಮಾ ಕಮಾನಿನಾಕಾರದ ಕಾಂತನಾಳಗಳನ್ನು ತುಂಬಿ, ಕೋಟಿ ಡಿಗ್ರಿಯನ್ನೂ ಮೀರಿದ ಉಷ್ಣತೆಯಲ್ಲಿ ಕ್ಷ-ಕಿರಣಗಳನ್ನು ಸೂಸುತ್ತದೆ. ಮೊದಲು ಆ ತಾಪ ವಹನದಿಂದ ಕಮಾನಿನ ಬುಡಗಳ ಕಡೆಗೆ ಇಳಿಯುತ್ತದೆ; ಅಡ್ಡಲಾಗಿ ಹರಿಯಲು ಕಾಂತಕ್ಷೇತ್ರ ಬಿಡದು. ಉಷ್ಣತೆ ಇಮ್ಮಡಿಸಿದರೆ ವಹನಶಕ್ತಿ ಐದು ಮಡಿಗೂ ಮಿಕ್ಕು ಏರುವುದರಿಂದ ಈ ಘಟ್ಟ ಬೇಗ ಮುಗಿಯುತ್ತದೆ. ತರುವಾಯ ವಿಕಿರಣದ ಸರದಿ. ಅದು ಸಾಂದ್ರತೆಯ ವರ್ಗವನ್ನು ಅನುಸರಿಸುವ ಕಾರಣ ದಟ್ಟವಾದ ಕಮಾನು ಶೀಘ್ರವಾಗಿ ತಣಿಯುತ್ತದೆ. ಕಡೆಗೆ ಪ್ಲಾಸ್ಮಾ ದಟ್ಟಗೊಂಡು, ಕರೋನದ (ಸೂರ್ಯನ ಹೊರ ವಾತಾವರಣದ) ಮಳೆಯೆನಿಸಿ ಕಮಾನಿನ ಗುಂಟ ಸುರಿಯುತ್ತದೆ. ಆ ಮಳೆಯ ಹನಿಯೂ ಹತ್ತು ಸಾವಿರ ಡಿಗ್ರಿಯ ಆಸುಪಾಸಿನದೆಂದು ನೆನೆದರೆ, ರಾಯಚೂರಿನ ಮೇ ತಿಂಗಳನ್ನು ದೂರುವ ನಮ್ಮ ಬಾಯಿ ತುಸು ಸುಮ್ಮನಾದೀತು.

ಸ್ವಾರಸ್ಯವಿರುವುದು ಲೆಕ್ಕ ತಪ್ಪುವಲ್ಲಿ. ಅನೇಕ ಜ್ವಾಲೆಗಳು ವಹನ-ವಿಕಿರಣಗಳ ಗಣಿತ ವಿಧಿಸಿದ ಅವಧಿಗಿಂತ ನಿಧಾನವಾಗಿ ಆರುತ್ತವೆ. ಎಂದರೆ, ಆರುತ್ತಿರುವಂತೆ ತೋರುವಾಗಲೂ ಒಳಗೆ ಶಕ್ತಿ ಸುರಿಯುತ್ತಲೇ ಇರುತ್ತದೆ. ದೂರದ ನಕ್ಷತ್ರಗಳ ವಿಷಯದಲ್ಲಿ ಇದು ದೊಡ್ಡ ತೊಡಕು. ಪ್ರಾಕ್ಸಿಮಾ ಸೆಂಟಾರಿಯಂತಹ ಕೆಂಪು ಕುಬ್ಜ ನಮಗೆ ಬರಿಯ ಬಿಂದು. ಜ್ವಾಲೆ ಆರಿದ ಅವಧಿಯಿಂದಲೇ ಅದರ ಕಮಾನಿನ ಉದ್ದವನ್ನು ಊಹಿಸಬೇಕು, ಒಳಗಿನ ಮರುತಾಪವನ್ನು ಮರೆತರೆ ಕಮಾನು ಇದ್ದುದಕ್ಕಿಂತ ಉದ್ದವಾಗಿ ಕಂಡುಬಿಡುತ್ತದೆ.

ದೂರದ ನಕ್ಷತ್ರಗಳ ಮಾತು ಹಾಗಿರಲಿ, ನಮ್ಮ ಸೂರ್ಯನ ಕರೋನವನ್ನು ನೋಡುವ ಅವಕಾಶ ಹಿಂದೊಮ್ಮೆ ನಮ್ಮ ಬಾಗಿಲಿಗೇ ಬಂದಿತ್ತು. 1980ರ ಫೆಬ್ರವರಿ 16ರ ಅಪರಾಹ್ನ ಪೂರ್ಣ ಸೂರ್ಯಗ್ರಹಣ ನಮ್ಮ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಜವಳಗೇರಾದಲ್ಲಿಯೇ ಶಿಬಿರ ಹೂಡಿ ಕರೋನವನ್ನು ವೀಕ್ಷಿಸುತ್ತಿದ್ದರೆ, ಬಾಗಿಲಿಕ್ಕಿಕೊಂಡು ಒಳಗೆ ಕುಳಿತವರೇ ನಾಡಿನಲ್ಲಿ ಹೆಚ್ಚು. ಅಂದು ಕರೋನ ದೊರೆತುದು ಕೆಲವೇ ನಿಮಿಷ. 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ಗ್ರಹಣದ ಹಂಗಿಲ್ಲದೆ ಸೂರ್ಯನನ್ನು ನೋಡುತ್ತಿದೆ. ಅದರ ಸೋಲೆಕ್ಸ್ ಮತ್ತು ಹೀಲಿಯೋಸ್ ಎಂಬ ಕ್ಷ-ಕಿರಣ ಮಾಪಕಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದುವು. ಅಳತೆಗಳ ದತ್ತಾಂಶವನ್ನು ಇಸ್ರೋ 2025ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು.

ದೂರದರ್ಶಕವಿಲ್ಲ, ಪ್ರಯೋಗಶಾಲೆಯಿಲ್ಲವೆಂಬ ನೆಪ ಇಲ್ಲಿ ಸಲ್ಲದು. ಒಂದು ಜ್ವಾಲೆಯ ಅಂಕೆಗಳನ್ನು ಇಳಿಸಿಕೊಂಡು, ಕಾಲವನ್ನು ಅಡ್ಡಕ್ಕೂ ಕ್ಷ-ಕಿರಣದ ತೀವ್ರತೆಯನ್ನು ಉದ್ದಕ್ಕೂ ಗುರುತಿಸಿ, ಶಿಖರದಿಂದ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ನಕ್ಷೆಯ ಹಾಳೆಯಲ್ಲಿ ಎಣಿಸಿದರಾಯಿತು. ನಮ್ಮ ಭಾಗದ ವಿಶ್ವವಿದ್ಯಾಲಯ ಬಿ.ಎಸ್‌ಸಿ. ತರಗತಿಯ ಪ್ರಯೋಗಪಟ್ಟಿಯಲ್ಲಿ ಇದಕ್ಕೊಂದು ಸ್ಥಾನ ಕೊಟ್ಟು, ದತ್ತಾಂಶ ಬಳಸುವ ಬಗೆಯನ್ನು ತಿಳಿಸುವ ಕನ್ನಡದ ಕೈಪಿಡಿಯೊಂದನ್ನು ಬಲ್ಲವರಿಂದ ಬರೆಸಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೇ ಅದು ಆಗದ ಕೆಲಸವೇನಲ್ಲ.