ಬೀಜ ಬಿತ್ತೋದು ಸುಗ್ಗಿ ಮುಗಿದ ಮೇಲಾ?

ಮೊನ್ನೆ ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನುತ್ತಾ ನಿಂತಿದ್ದೆ. (ನಮ್ಮೂರ ಪಾನಿಗೆ ಬಣ್ಣ ಇರಲ್ಲ, ಖಾರ ಮಾತ್ರ ಇರುತ್ತೆ. ತಿಂದಿಲ್ಲ ಅಂದ್ರೆ ಒಮ್ಮೆ ಬನ್ನಿ!) ಪಕ್ಕದಲ್ಲಿ ಕೆಜಿಎಫ್ ಕಡೆಯ ಇಬ್ಬರು ಇಂಜಿನಿಯರಿಂಗ್ ಹುಡುಗರು. "ಬೆಂಗಳೂರಲ್ಲಿ ಪ್ರಾಜೆಕ್ಟ್ ರೆಡಿ ಸಿಗುತ್ತೆ ಮಗಾ, ರಿಪೋರ್ಟ್ ಸಮೇತ." ಬೈಯೋಣ ಅನ್ನಿಸಿತು. ಆದರೆ ನಮ್ಮ ಬ್ಯಾಚಿನಲ್ಲಿ ನಾವು ಮಾಡಿದ್ದೂ ಅದನ್ನೇ...

ನಮ್ಮ ಹುಡುಗರಿಗೆ ತಲೆ ಇಲ್ಲ ಅನ್ನೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ತಲೆ ಇದೆ ಸ್ವಾಮಿ. ಬೇಕಾದ ಹೊತ್ತಿಗೆ ಕೈಲಿ ಕಾಸಿಲ್ಲ, ಅಷ್ಟೆ.

ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಿದೆ. ಸ್ಟಾರ್ಟಪ್ ಅನ್ನೋ ಪದ ಇಲ್ಲಿ ಯಾರೂ ಕೇಳದ ಕಾಲದಲ್ಲಿ ಶುರುವಾದದ್ದು, ಅದಕ್ಕೊಂದು ನಮಸ್ಕಾರ. ಆದರೆ ಒಂದು ಪ್ರಾಜೆಕ್ಟಿಗೆ ಸಿಗೋದು ಕೆಲವೇ ಸಾವಿರ, ಅದೂ ಓದು ಮುಗಿಯೋ ಹೊತ್ತಿಗೆ. ಪ್ರದರ್ಶನ ಆಯ್ತು, ಸರ್ಟಿಫಿಕೇಟ್ ಬಂತು, ಹುಡುಗ ವೈಟ್‌ಫೀಲ್ಡ್ ಕಡೆಗೆ ಟ್ರೈನ್ ಹತ್ತಿದ. ಯಂತ್ರ ಲ್ಯಾಬಿನ ಮೂಲೆ ಸೇರಿತು. 2015ರ ಸ್ಟಾರ್ಟಪ್ ನೀತಿಯಲ್ಲಿ ಬೆಂಗಳೂರಿನ ಹೊರಗಿನ ಕಾಲೇಜುಗಳಿಗೆ ಅಂತ 'ನೈನ್' ಯೋಜನೆ ಬಂತು, ಪ್ರಾಜೆಕ್ಟಿಗೆ 3 ಲಕ್ಷದವರೆಗೆ. ಅದನ್ನು ಬೀಜಧನ ಅನ್ನಬಹುದು. ಆದರೆ ಸಿಕ್ಕಿದ್ದು ಆಯ್ದ ಕೆಲವೇ ಕಾಲೇಜುಗಳಿಗೆ.

ಇದರಿಂದ ನಷ್ಟ ಯಾರಿಗೆ? 2011ರಲ್ಲಿ ಕೆಜಿಎಫ್‌ನಲ್ಲಿ ಮಲದ ಗುಂಡಿ ಖಾಲಿ ಮಾಡಲು ಇಳಿದ ಮೂವರು ಸತ್ತರು. ಆ ಗುಂಡಿಗೆ ಮನುಷ್ಯ ಇಳಿಯದ ಹಾಗೆ ಒಂದು ಯಂತ್ರ ಅದೇ ಊರಿನ ಹುಡುಗರಿಂದ ಬರಬೇಕಿತ್ತು. ಬಂದದ್ದು ಕೇರಳದಿಂದ. ಕುಟ್ಟಿಪ್ಪುರಂನ ಕಾಲೇಜಿನಲ್ಲಿ ಓದಿದ ಗೆಳೆಯರು ಮ್ಯಾನ್‌ಹೋಲ್ ಶುಚಿ ಮಾಡುವ 'ಬ್ಯಾಂಡಿಕೂಟ್' ರೋಬೋ ಕಟ್ಟಿದರು. ಕೇರಳ ಸ್ಟಾರ್ಟಪ್ ಮಿಷನ್ ಬೆನ್ನಿಗೆ ನಿಂತಿತು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಅವರೇನು ನಮ್ಮವರಿಗಿಂತ ಬುದ್ಧಿವಂತರಾ? ಯಾರೋ ಅವರನ್ನು ನಂಬಿದರು.

"ಹುಡುಗರ ಕೈಗೆ ದುಡ್ಡು ಕೊಟ್ಟರೆ ಹಾಳು ಮಾಡ್ತಾರೆ" ಅಂತೀರಾ? ಕೆಜಿಎಫ್ ಕಥೆ ಸ್ವಲ್ಪ ಕೇಳಿ. ಲಾವೆಲ್ ಅನ್ನೋ ಐರಿಶ್ ಸೈನಿಕ 1873ರಲ್ಲಿ ಚಿನ್ನ ಹುಡುಕಲು ಅರ್ಜಿ ಹಾಕಿದ, 1875ರಲ್ಲಿ ಲೈಸೆನ್ಸ್ ಸಿಕ್ಕಿತು. ಕಾಸು ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೂ ಕೆಲವು ವರ್ಷ ಬರೀ ಮಣ್ಣು. ಷೇರುದಾರರು ಮುಚ್ಚಿಬಿಡಿ ಅಂದರು. ಉಳಿದಿದ್ದ ಕಾಸನ್ನೂ ಸುರಿದು ಅಗೆದಾಗ ಚಿನ್ನ ಕಂಡಿತು. ಆಮೇಲೆ 2001ರವರೆಗೆ ಅಗೆದರು. ಮೊದಲ ಗುಂಡಿಯಲ್ಲೇ ಚಿನ್ನ ತೋರಿಸು, ಇಲ್ಲ ಬಿಲ್ಲು ತಾ ಅಂದಿದ್ದರೆ?

ನಾನು ಕೇಳೋದು ಇಷ್ಟೇ. ಎರಡನೇ ವರ್ಷದಲ್ಲೇ ಕೊಡಿ. ಮೊದಲು ಕೊಡಿ, ಲೆಕ್ಕ ಆಮೇಲೆ ಕೇಳಿ. ಸೋತವನಿಗೆ ಇನ್ನೊಂದು ಸಲ ಕೊಡಿ. ಸಂದರ್ಶನ ಕನ್ನಡದಲ್ಲೋ ತಮಿಳಿನಲ್ಲೋ ಆಗಲಿ, ಯಂತ್ರಕ್ಕೆ ಇಂಗ್ಲಿಷ್ ಬರಬೇಕಿಲ್ಲ.

ಅಂದಹಾಗೆ ಆ ಹುಡುಗರನ್ನ ಕೇಳಿದೆ, ನಿಜವಾಗಿ ಏನು ಮಾಡೋ ಆಸೆ ಅಂತ. "ಗಾಳಿ ಬೀಸಿದ್ರೆ ಸೈನೈಡ್ ಗುಡ್ಡದ ಧೂಳು ಮನೆಯೊಳಗೇ ಬರುತ್ತಣ್ಣಾ. ಅದನ್ನ ಅಳೆಯೋ ಮೀಟರ್ ಮಾಡಬೇಕು. ಪಾರ್ಟ್ಸ್‌ಗೇ ಹನ್ನೆರಡು ಸಾವಿರ ಆಗುತ್ತೆ. ರೆಡಿ ಪ್ರಾಜೆಕ್ಟ್ ಎಂಟಕ್ಕೆ ಕೊಡ್ತಾರೆ."

ಪಾನಿಪುರಿ ದುಡ್ಡು ನಾನೇ ಕೊಟ್ಟೆ. ಓದುಗರಲ್ಲಿ ಇಂಜಿನಿಯರಿಂಗ್ ಮೇಷ್ಟ್ರು ಯಾರಾದರೂ ಇದ್ದರೆ, ನಿಮ್ಮ ಕಾಲೇಜಿನಲ್ಲಿ ಆ ಹನ್ನೆರಡು ಸಾವಿರ ಯಾವ ತಿಂಗಳಲ್ಲಿ ಸಿಗುತ್ತೆ ಅಂತ ದಯವಿಟ್ಟು ಬರೆಯಿರಿ.