ಪಾಳುಭೂಮಿಯೂ ಅಲ್ಲ, ಗಾಲಿಗಳ ಅಖಾಡವೂ ಅಲ್ಲ

ಬೆಟ್ಟವೆಂದೊಡನೆ ಮಲೆನಾಡಿನ ಮನಸ್ಸಿಗೆ ಮಳೆ, ಮಂಜು, ಶೋಲಾ ಕಾಡುಗಳು ನೆನಪಾಗುತ್ತವೆ. ಜೀಪಿನ ಗಾಲಿಗಳಿಂದ ಸೀಳಿಹೋದ ಇಳಿಜಾರಿನ ಮಾತು ಬಂದರೂ ಕೊಡಚಾದ್ರಿ, ಮಾಂದಲಪಟ್ಟಿಗಳ ಹೆಸರೇ ಮುಂದೆ ಬರುತ್ತದೆ. ತುಂಗಭದ್ರೆಯ ಎಡದಂಡೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿಯೂ ಬೆಟ್ಟಗಳಿವೆ, ಬೆಟ್ಟವನ್ನೇ ನಂಬಿದ ಊರುಗಳಿವೆ ಎಂಬುದು ಚಳವಳಿಗಳಿಗೂ ಮರೆತುಹೋಗುತ್ತದೆ. ಬಂಡೆಯ ಮೇಲೆ ಬಂಡೆ ಕೂತ, ಕುರುಚಲು ಗಿಡ ಮತ್ತು ಹುಲ್ಲಿನ ಈ ನೆಲ ಸರ್ಕಾರಿ ನಕಾಶೆಗಳಲ್ಲಿ ಬಹುತೇಕ ‘ಪಾಳುಭೂಮಿ’. ಪಾಳು ಎಂದು ಬರೆದ ಮೇಲೆ ಅಲ್ಲಿ ಯಾರು ಏನು ಮಾಡಿದರೂ ಕೇಳುವವರಿಲ್ಲ. ಎತ್ತರಿಸಿದ ಜೀಪುಗಳಿಗೆ ದೊಡ್ಡ ಗಾಲಿ ತೊಡಿಸಿ, ದಾರಿಯಿಲ್ಲದ ಕಡೆ ಓಡಿಸುವುದನ್ನೇ ಸಾಹಸವೆಂದು ಕೊಂಡಾಡುವ ಹವ್ಯಾಸಕ್ಕೆ ಈ ಒಂದು ಪದವೇ ಪರವಾನಗಿಯಾಗಿದೆ.

ಈ ಮಾರ್ಪಾಡು ಹೇಗೆ ನಡೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. ಅದರಲ್ಲಿ ಶೌರ್ಯಕ್ಕಿಂತ ಲೆಕ್ಕವೇ ಹೆಚ್ಚು. ಸ್ಪ್ರಿಂಗುಗಳನ್ನು ಬದಲಿಸಿ ಗಾಡಿಯ ಒಡಲನ್ನು ಎರಡು ಮೂರು ಇಂಚು ಎತ್ತುತ್ತಾರೆ. ಆದರೆ ಇಡಿಯಾದ ಆಕ್ಸಲ್ ಉಳ್ಳ ಗಾಡಿಯಲ್ಲಿ, ಒಡಲನ್ನು ಎಷ್ಟೇ ಎತ್ತಿದರೂ ಆಕ್ಸಲ್ ಇದ್ದಲ್ಲಿಯೇ ಉಳಿಯುತ್ತದೆ. ಕಲ್ಲಿಗೆ ಬಡಿಯುವ ಅದರ ನಡುವಿನ ಡಿಫರೆನ್ಷಿಯಲ್ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದು ಏಳಬೇಕಾದರೆ ಗಾಲಿಯೇ ದೊಡ್ಡದಾಗಬೇಕು. ಗಾಲಿ ದೊಡ್ಡದಾದರೆ ತಿರುವಿನಲ್ಲಿ ಒಡಲಿಗೆ ಉಜ್ಜುತ್ತದೆ, ಆದ್ದರಿಂದ ಒಡಲನ್ನು ಮತ್ತಷ್ಟು ಎತ್ತಬೇಕು. ಒಂದು ಖರ್ಚು ಇನ್ನೊಂದನ್ನು ಬೇಡುತ್ತ ಹೋಗುವ ಈ ಸರಪಳಿಯ ಮೇಲೆಯೇ ಇಡೀ ವ್ಯಾಪಾರ ನಿಂತಿದೆ.

ಇಷ್ಟೆಲ್ಲ ಮಾಡಿ ದೊರೆಯುವುದಾದರೂ ಏನು? 245/75 ಆರ್ 16 ಅಳತೆಯ ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್. ಅದನ್ನು ತೆಗೆದು 33 ಇಂಚಿನ, ಅಂದರೆ 838 ಮಿಲಿಮೀಟರ್ ವ್ಯಾಸದ ಟೈರು ಹಾಕಿದರೆ ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧದಷ್ಟು, 32 ಮಿಲಿಮೀಟರ್ ಮಾತ್ರ, ಒಂದೂಕಾಲು ಇಂಚು. ಅದಕ್ಕೆ ತೆರುವ ಬೆಲೆ ಹಿರಿದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 65ರ ವೇಗದಲ್ಲಿರುತ್ತದೆ. ಭಾರವಾದ ಗಾಲಿಯನ್ನು ನಿಲ್ಲಿಸಬೇಕಾದ ಬ್ರೇಕು ಮಾತ್ರ ಹಳೆಯದೇ. ಭಾರದ ಕೇಂದ್ರ ಮೇಲೇರಿದ್ದರಿಂದ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಇಂತಹ ಗಾಡಿ ಬೆಟ್ಟ ತಲುಪುವ ಮುನ್ನ ಕುಷ್ಟಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಂತಹ ರಸ್ತೆಗಳಲ್ಲಿ ಓಡುತ್ತದೆ. ಕುರಿಹಿಂಡು ರಸ್ತೆ ದಾಟಿಸುತ್ತಿರುವ ಕುರಿಗಾಹಿಗೆ, ಎದುರು ಬರುವ ಗಾಡಿಯ ಬ್ರೇಕಿನ ಶಕ್ತಿಗೂ ಅದರ ಗಾತ್ರಕ್ಕೂ ತಾಳೆಯಿಲ್ಲವೆಂಬುದು ತಿಳಿಯುವುದಾದರೂ ಹೇಗೆ?

ಕಾನೂನು ಮೌನವಾಗಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಮೂನೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ. ಒಂದು ಜೊತೆ ಗಾಲಿಗೆ ಲಕ್ಷ ಚೆಲ್ಲಬಲ್ಲವನಿಗೆ ಐದು ಸಾವಿರ ಯಾವ ಲೆಕ್ಕ?

ಈ ಹವ್ಯಾಸದ ಪರವಾಗಿ ಮಂಡಿಸುವ ಒಂದು ವಾದವನ್ನು ಮಾತ್ರ ಗಂಭೀರವಾಗಿ ಪರಿಶೀಲಿಸಬೇಕು. ಅಗಲವಾದ ಟೈರಿನ ಗಾಳಿಯನ್ನು ಇಳಿಸಿದರೆ ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಆದ್ದರಿಂದ ನೆಲಕ್ಕೆ ಹಾನಿ ಕಡಿಮೆ ಎಂಬುದು ಆ ವಾದ. ಮರಳಿನಲ್ಲಿ, ಸಮತಟ್ಟಾದ ಕಡೆ, ಮೆಲ್ಲಗೆ ಸಾಗುವಾಗ ಅದು ನಿಜವೂ ಹೌದು. ಆದರೆ ಈ ಟೈರುಗಳನ್ನು ಕೊಳ್ಳುವುದು ಮೆಲ್ಲಗೆ ಸಾಗುವುದಕ್ಕಲ್ಲ. ಕೆಸರಿಗೆಂದೇ ಮಾಡಿದ ಟೈರಿನ ಆಳವಾದ ಹಲ್ಲುಗಳು ಏರಿನಲ್ಲಿ ಗಾಲಿ ಜಾರಿ ತಿರುಗಿದೊಡನೆ ನೆಲವನ್ನು ಗುದ್ದಲಿಯಂತೆ ಕೆತ್ತುತ್ತವೆ. ಮಣ್ಣು ಗಟ್ಟಿಯಾಗಿ ಅದುಮಿಹೋಗುವುದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಓಡಾಟಗಳಲ್ಲಿಯೇ ಆಗಿಬಿಡುತ್ತದೆಂಬುದು ಮಣ್ಣುವಿಜ್ಞಾನದ ಸಾಮಾನ್ಯ ಅರಿವು; ‘ಒಂದೇ ಸಲ ಹೋಗಿಬಂದೆವು’ ಎಂಬ ಸಮಜಾಯಿಷಿಗೆ ಅಲ್ಲಿ ಬೆಲೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಣ್ಣ ಗಾಲಿಯ ಗಾಡಿ ಹಿಂತಿರುಗುತ್ತಿದ್ದ ಕಡೆಯಿಂದ ದೊಡ್ಡ ಗಾಲಿಯ ಗಾಡಿ ಮುಂದಕ್ಕೆ ಹೋಗುತ್ತದೆ. ಪ್ರತಿ ಅಂಗುಲದ ಭಾರ ಇಳಿದು, ತುಳಿಯುವ ಅಂಗುಲಗಳ ಸಂಖ್ಯೆ ಏರಿದರೆ ನೆಲಕ್ಕೆ ಬಂದ ಲಾಭವೇನು?

ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆಯ ಈ ಸೀಮೆಯಲ್ಲಿ ಮಳೆ ಹದವಾಗಿ ಬರುವುದಿಲ್ಲ. ಬಂದರೆ ಕೆಲವೇ ದಿನ ಧಾರಾಕಾರವಾಗಿ ಸುರಿಯುತ್ತದೆ. ಬಂಡೆಯ ಮೇಲೆ ಗೇಣುದ್ದವೂ ಇಲ್ಲದ ಮಸಾರಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಇಳಿಜಾರಿನಲ್ಲಿ ಗಾಲಿ ಬಿಟ್ಟ ಎರಡು ಗೆರೆಗಳು ಮುಂಗಾರಿನ ಮೊದಲ ಅಡ್ಡಮಳೆಗೆ ಎರಡು ಕಾಲುವೆಗಳಾಗುತ್ತವೆ, ಕೆಲವು ವರ್ಷಗಳಲ್ಲಿ ಕೊರಕಲಾಗುತ್ತವೆ. ಮಣ್ಣು ಕೆಳಗಿನ ಹೊಲದ ಒಡ್ಡಿಗೋ ಕೆರೆಗೋ ಸೇರುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಭೂಮಿಯ ಕಥೆ ಬೇರೆ: ಹಸಿಯಾಗಿದ್ದಾಗ ಮೊಳಕಾಲುದ್ದ ಹೂತ ಗಾಲಿಯ ಗುರುತು ಒಣಗಿದ ಮೇಲೆ ಕಲ್ಲಿನಂತೆ ನಿಲ್ಲುತ್ತದೆ. ಗಾಯರಾಣ ನೆಲದಲ್ಲಿ ಹೀಗೆ ಹುಲ್ಲು ಕಳೆದುಕೊಳ್ಳುವವರು ಕುರಿ ಸಾಕುವವರೇ ಹೊರತು ಹವ್ಯಾಸಿಗಳಲ್ಲ.

ಆ ‘ಪಾಳು’ ನೆಲದಲ್ಲಿ ವಾಸಿಸುವವರೂ ಇದ್ದಾರೆ. ಗಂಗಾವತಿ ಸೀಮೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನಷ್ಟು ನೆಲವನ್ನು ತೋಳಧಾಮವೆಂದು ಘೋಷಿಸಲಾಗಿದೆ. ತೋಳಗಳಿಗಾಗಿ ರಾಜ್ಯದಲ್ಲಿ ಮೀಸಲಾದ ಮೊದಲ ಧಾಮವದು. ತೋಳ ಧಾಮದ ಬೇಲಿಯನ್ನು ಓದಬಲ್ಲ ಪ್ರಾಣಿಯಲ್ಲ. ಅದು ಸುತ್ತಲಿನ ಕುರುಚಲಿನಲ್ಲಿಯೂ ಅಲೆಯುತ್ತದೆ, ಚಳಿಗಾಲದಲ್ಲಿ ಬಂಡೆಯ ಪೊಟರೆಯಲ್ಲೋ ಮಣ್ಣಿನ ಬಿಲದಲ್ಲೋ ಮರಿ ಹಾಕುತ್ತದೆ, ಗದ್ದಲವಾದರೆ ಮರಿಗಳನ್ನು ಕಚ್ಚಿಕೊಂಡು ಜಾಗ ಬಿಡುತ್ತದೆ. ವಿಚಿತ್ರವೆಂದರೆ, ಬಿಸಿಲು ಕಡಿಮೆಯಾಗುವ ಅದೇ ತಿಂಗಳುಗಳೇ ಈ ಬೆಟ್ಟಗಳಲ್ಲಿ ಗಾಡಿ ಓಡಿಸಲು ಪ್ರಶಸ್ತ ಕಾಲವೂ ಹೌದು. ನೆಲದ ಮೇಲೆಯೇ ಮೊಟ್ಟೆಯಿಡುವ ನೆಲಗುಬ್ಬಿ, ಗೌಜಲಹಕ್ಕಿಗಳ ಗೂಡು ಚಾಲಕನ ಎತ್ತರದ ಆಸನದಿಂದ ಕಾಣುವುದೂ ಇಲ್ಲ.

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ನೂರಾರು ಬೃಹತ್ ಶಿಲಾಗೋರಿಗಳಿವೆ. 2021ರಲ್ಲಿ ಅದು ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿ ಸೇರಿತು. ಸುಣ್ಣ ಗಾರೆಗಳ ಹಂಗಿಲ್ಲದೆ, ಚಪ್ಪಡಿಗೆ ಚಪ್ಪಡಿ ಆನಿಸಿ ನಿಲ್ಲಿಸಿದ ಆ ಕಲ್ಮನೆಗಳು ಇಷ್ಟು ಕಾಲ ಉಳಿದದ್ದಕ್ಕೆ ಒಂದು ಕಾರಣ, ಅಲ್ಲಿಗೆ ನಡೆದೇ ಹೋಗಬೇಕಾಗಿದ್ದುದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿನ ಅಶೋಕನ ಶಾಸನಗಳನ್ನು ಕಾಪಾಡಿದ್ದೂ ಬಂಡೆಯ ಏರೇ. ಏರನ್ನೇ ಸುಲಭ ಮಾಡುವ ಯಂತ್ರ ಬಂದ ಮೇಲೆ ಆ ಕಾವಲು ಎಲ್ಲಿ ಉಳಿಯಿತು?

ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಹಾಕುವುದು ಎಲ್ಲರೂ ಬಲ್ಲ ಸಂಗತಿ. ಕೆಸರಿನಲ್ಲಿ ಹೂಳದಿರಲು ಅಗತ್ಯಕ್ಕಾಗಿ ಮಾಡಿಕೊಂಡ ಗಾಲಿ ಅದು. ಅದನ್ನು ಬಿಚ್ಚದೆ ಡಾಂಬರು ರಸ್ತೆಗೆ ತಂದ ರೈತನನ್ನು ರಸ್ತೆ ಹಾಳು ಮಾಡಿದನೆಂದು ಗದರಿಸುವುದು ನ್ಯಾಯವೇ. ಆದರೆ ರಸ್ತೆಯ ಗಾಲಿಯನ್ನು ಬಿಚ್ಚಿ ಬೆಟ್ಟವನ್ನು ಕೆದಕಲು ಬಂದವನಿಗೆ ಅದೇ ವ್ಯವಸ್ಥೆ ‘ಪ್ರವಾಸೋದ್ಯಮ’ ಎಂದು ಹಾರ ಹಾಕುವುದು ಯಾವ ನ್ಯಾಯ? ಡಾಂಬರಿಗಿರುವ ಮಾನ ಮಣ್ಣಿಗೆ ಏಕಿಲ್ಲ?

ಸ್ಥಳೀಯ ಯುವಕರ ಹೊಟ್ಟೆಪಾಡಿನ ಪ್ರಶ್ನೆ ಏಳುವುದು ಸಹಜ. ಆನೆಗೊಂದಿ, ಸಾಣಾಪುರ, ಅಂಜನಾದ್ರಿಗಳ ಸುತ್ತ ಪ್ರವಾಸಿಗರನ್ನು ನಂಬಿ ಬದುಕುವವರು ಅನೇಕರು. ಇರುವ ದಾರಿಯಲ್ಲಿ ತಯಾರಕರು ಕೊಟ್ಟ ಗಾಲಿಯಲ್ಲಿಯೇ ಗಾಡಿ ಓಡಿಸುವವನ ಮೇಲೆ ಇಲ್ಲಿ ಯಾವ ದೂರೂ ಇಲ್ಲ. ದಾರಿ ತೋರಿಸುವವನಿಗೆ, ಕಲ್ಲುಗಳ ಕಥೆ ಹೇಳುವವನಿಗೆ ಕೆಲಸ ಸಿಗುವುದು ಪ್ರವಾಸಿ ಇಳಿದು ನಡೆದಾಗಲೇ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮುಂಗಾರಿಗೆ ಮುನ್ನ ನಾಲ್ಕೂ ತಾಲ್ಲೂಕುಗಳ ಬೆಟ್ಟದಂಚಿನ ಪಂಚಾಯತಿಗಳು ತಮ್ಮ ಹುಲ್ಲುಗಾವಲು, ತೋಳದ ಬಿಲ, ನೀರಿನ ಹಳ್ಳಗಳನ್ನು ಆ ದಾಖಲಾತಿಯಲ್ಲಿ ಹೆಸರಿಟ್ಟು ಬರೆಯಲಿ. ದಾರಿಯಿಲ್ಲದ ಕಡೆ ಮೋಟಾರು ವಾಹನ ಹೋಗಕೂಡದೆಂದು ಗ್ರಾಮಸಭೆಯಲ್ಲಿ ಠರಾವು ಮಾಡಲಿ. ಕಾಲೇಜು ವಿದ್ಯಾರ್ಥಿಗಳು ಗಾಲಿಯ ಗೆರೆಗಳು ಬಿದ್ದ ಇಳಿಜಾರುಗಳನ್ನು ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ ಅಳೆದು, ಆ ಅಳತೆಗಳನ್ನು ಪಂಚಾಯತಿಗೂ ಅರಣ್ಯ ಇಲಾಖೆಗೂ ಲಿಖಿತವಾಗಿ ಸಲ್ಲಿಸಲಿ. ಸಾರಿಗೆ ಇಲಾಖೆಯು ಹೆದ್ದಾರಿಯಲ್ಲಿ ಟ್ರ್ಯಾಕ್ಟರನ್ನು ತಡೆಯುವಾಗ ಅದರ ಹಿಂದೆ ನಿಂತ ಎತ್ತರದ ಜೀಪಿನ ನೋಂದಣಿ ಪತ್ರವನ್ನೂ ಕೇಳಿ, ಗಾಲಿಗೆ ಟೇಪು ಹಿಡಿಯಲಿ.