ತಮಟೆಯವನ ಕಿವಿ ಯಾರ ಲೆಕ್ಕದಲ್ಲಿದೆ?

ಹೊಳೆನರಸೀಪುರ: ಪೇಟೆ ಬೀದಿಯಲ್ಲಿ ಮೆರವಣಿಗೆ ಬಂತೆಂದರೆ ನಮ್ಮ ಅಂಗಡಿಯವರು ಏನು ಮಾಡ್ತಾರೆ? ಗಿರಾಕಿ ಮಾತು ಕೇಳಿಸದೆ ಕಿವಿಗೆ ಬೆರಳಿಟ್ಟು ನಿಲ್ತಾರೆ. ಬಸ್ಸಿನಲ್ಲಿ ಕೂತವರು ಗಾಜು ಎಳೆದುಕೊಳ್ತಾರೆ. ಐದು ನಿಮಿಷಕ್ಕೆ ಸದ್ದು ಮುಂದೆ ಹೋಗುತ್ತೆ. ತಮಟೆಯವನು ಮಾತ್ರ ಆ ಸದ್ದಿನ ಜೊತೆಗೇ ಹೋಗಬೇಕಲ್ಲ ಸ್ವಾಮಿ! ಮದುವೆ, ಗಣಪತಿ, ಊರಹಬ್ಬ, ಚುನಾವಣೆ, ಕೊನೆಗೆ ಹೆಣದ ಮುಂದೆಯೂ ಅವನೇ.

ತಮಟೆ ಇರುವುದು ಎದೆಯ ಮೇಲೆ, ಕಿವಿಗೆ ಮೊಳ ದೂರವೂ ಇಲ್ಲ. ಸಾಲಾಗಿ ಏಳೆಂಟು ಜನ ನಿಂತರೆ ಪಕ್ಕದವನ ಪೆಟ್ಟೂ ಇವನ ಕಿವಿಗೇ. ಚರ್ಮ ಬೆಂಕಿಗೆ ಕಾದಷ್ಟೂ ಬಿಗಿ, ಬಿಗಿಯಾದಷ್ಟೂ ಸದ್ದು ಚುರುಕು. ಇದರ ಹಿಂದೆಯೇ ಡೀಜೆ ಗಾಡಿ ಬಂದರೆ ಕೇಳುವುದೇ ಬೇಡ. ಅದನ್ನು ಮೀರಿಸೋಕೆ ಇವನು ಇನ್ನಷ್ಟು ಬಡೀಬೇಕು.

85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಹುದು ಅಂತಾರೆ ತಜ್ಞರು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತೆ. 100 ಮುಟ್ಟಿದರೆ ಉಳಿಯುವುದು ಕಾಲು ಗಂಟೆ. ಮೈಮೇಲೇ ಇರುವ ವಾದ್ಯಕ್ಕೆ 100 ದೊಡ್ಡ ಮಾತಲ್ಲ. ಮೆರವಣಿಗೆಯೋ ಮೂರು ನಾಲ್ಕು ಗಂಟೆ!

ಒಳಕಿವಿಯ ಸೂಕ್ಷ್ಮ ರೋಮಕೋಶ ಸತ್ತರೆ ಮತ್ತೆ ಚಿಗುರುವುದಿಲ್ಲ. ಮೊದಲು ರಾತ್ರಿಯೆಲ್ಲ ಗುಂಯ್ ಅನ್ನುವ ಸದ್ದು. ಆಮೇಲೆ 'ಸ', 'ಷ'ದಂಥ ಅಕ್ಷರಗಳು ಮಸುಕು. ಮಾತು ಕೇಳಿಸುತ್ತೆ, ಏನಂದರು ಅಂತ ತಿಳಿಯೋದಿಲ್ಲ. ಮನೆಯವರು ಇದಕ್ಕೆ 'ಬೇಕಾದ್ದು ಮಾತ್ರ ಕೇಳಿಸುತ್ತೆ' ಅಂತ ಬೈತಾರೆ.

ಕಾನೂನಿಲ್ಲವೇ ಅಂದರೆ ಇದೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಬರೆದಿದೆ. ಅದು ಮನೆಯೊಳಗೆ ಮಲಗಿದವನ ನಿದ್ದೆಗೆ. ಯಂತ್ರದ ಸದ್ದಿಗೆ ಕಿವುಡಾಗುವುದು 1948ರ ಕಾರ್ಖಾನೆ ಕಾಯಿದೆಯ ಕಸುಬಿನ ರೋಗಗಳ ಪಟ್ಟಿಗೂ ಸೇರಿತ್ತು. ಅದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ. ತಮಟೆಯವನಿಗೆ ಹಾಜರಿ ಪುಸ್ತಕ ಎಲ್ಲಿಯದು? ಎಲೆ ಅಡಿಕೆ ಮೇಲಿಟ್ಟ ಮುಂಗಡವೇ ಅವನ ಕರಾರು. ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ ಮರ್ಯಾದೆ ಬಂತು, ಸಂತೋಷ. ಕಿವಿಯ ಮಾತು ಇನ್ನೂ ಬಂದಿಲ್ಲ.

ಹತ್ತಿ ತುರುಕಿಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೆ. ಕಾರ್ಖಾನೆಯವರು ಹಾಕುವ ಸ್ಪಂಜಿನ ಬಿರಡೆ ಸದ್ದನ್ನು ಚೆನ್ನಾಗಿ ತಗ್ಗಿಸುತ್ತೆ, ಬೆಲೆಯೂ ಒಂದೆರಡು ಕಾಫಿಯಷ್ಟೆ. ಮುಂಗಡ ಕೊಡುವಾಗ ಸಮಿತಿಯವರು ಅದನ್ನೂ ಜೊತೆಗಿಟ್ಟರೆ ಗಂಟೇನು ಹೋಗುತ್ತೆ? ಗುಂಯ್ ಸದ್ದು ಶುರುವಾದವರು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಬಹುದು. ಮೈಸೂರಿನಲ್ಲಿ 1965ರಿಂದ ಕಿವಿ ಮಾತಿಗೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮೂರ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸೀದಾ ಮೈಸೂರು.